ಸಣ್ಣ ಸಿಂಥ್ ಕೊಳ್ಳುವ ಮೊದಲು: ನಮ್ಮ ಕರಾವಳಿಯ ಹಾಡಿಗೆ ಯಾವುದು ಹೊಂದುತ್ತದೆ?

ಕೈಯಲ್ಲಿ ಮೂವತ್ತು-ನಲವತ್ತು ಸಾವಿರ ಉಂಟು, ಒಂದು ಸಣ್ಣ ಸಿಂಥಸೈಜರ್ (ಸಿಂಥ್, ಸದ್ದನ್ನು ನಾವೇ ಕಟ್ಟಿಕೊಳ್ಳುವ ಎಲೆಕ್ಟ್ರಾನಿಕ್ ವಾದ್ಯ) ತೆಗೆದುಕೊಳ್ಳಬೇಕು, ಯಾವುದು ಒಳ್ಳೆಯದು? ಮಂಗಳೂರು, ಉಡುಪಿ, ಮಣಿಪಾಲದ ಕಡೆ ಈ ಪ್ರಶ್ನೆ ಈಗ ಜಾಸ್ತಿ ಕೇಳಿಬರುತ್ತಿದೆ. ಕೇಳುವವರಲ್ಲಿ ಕಾಲೇಜ್ ಬ್ಯಾಂಡಿನವರಿದ್ದಾರೆ. ತುಳು ನಾಟಕಕ್ಕೆ ಹಿನ್ನೆಲೆ ಸಂಗೀತ ಕೊಡುವವರಿದ್ದಾರೆ. ಚರ್ಚಿನ ಕಾಯರ್‌ನಲ್ಲಿ ಕೀಬೋರ್ಡ್ ನುಡಿಸುತ್ತಾ ಬೆಳೆದವರಿದ್ದಾರೆ. ಮನೆಯಲ್ಲೇ ಕೂತು ಹಾಡು ಕಟ್ಟುವವರೂ ಇದ್ದಾರೆ. ಇವರೆಲ್ಲರ ಅಗತ್ಯ ಬೇರೆ ಬೇರೆ. ಹಾಗಾಗಿ ಒಂದೇ ಹೆಸರು ಹೇಳಿ ಮುಗಿಸಲು ಆಗುವುದಿಲ್ಲ.

ಅಂಗಡಿಗೆ ಹೋದವರು ಮೊದಲು ಕೇಳುವುದು, ‘ಇದರಲ್ಲಿ ಎಷ್ಟು ಟೋನ್ ಉಂಟು?’ ಎಂದು. ಸಿಂಥ್ ಕೊಳ್ಳುವಾಗ ಈ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಒಂದು ಸ್ವರ ಒತ್ತಿ ಹಿಡಿಯಿರಿ. ಆ ಸ್ವರವನ್ನು ಜಾರಿಸಲು, ಅಲುಗಿಸಲು, ಮಂದ ಮಾಡಲು, ಹರಿತ ಮಾಡಲು ಕೈಗೆ ಎಷ್ಟು ದಾರಿ ಸಿಗುತ್ತದೆ ನೋಡಿ. ನಮ್ಮ ಕಡೆಯ ಹಾಡು ಯಾವುದೇ ಇರಲಿ, ಭಾಗವತಿಕೆ ಇರಲಿ, ಭಜನೆ ಇರಲಿ, ಪಾಡ್ದನ ಇರಲಿ, ಸ್ವರ ನಿಂತಲ್ಲಿ ನಿಲ್ಲುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಜಾರಿಕೊಂಡೇ ಹೋಗುತ್ತದೆ. ಆ ಜಾರು ಕೈಗೆ ಸಿಗದ ಯಂತ್ರದಲ್ಲಿ ಸಾವಿರ ಟೋನ್ ಇದ್ದರೂ ನಾಲ್ಕು ದಿನಕ್ಕೆ ಬೇಸರ ಬರುತ್ತದೆ. ಕೆಳಗಿನ ಹೋಲಿಕೆಗೆ ನಾನು ಇಟ್ಟುಕೊಂಡಿರುವ ಮುಖ್ಯ ಅಳತೆ ಇದೇ.

ಸಿಂಥ್ ಬೇಕಾ, ಕೀಬೋರ್ಡ್ ಬೇಕಾ?

ಇದನ್ನು ಮೊದಲೇ ತೀರ್ಮಾನ ಮಾಡಿ. ಭಜನಾ ಮಂಡಳಿಗೆ ಹಾರ್ಮೋನಿಯಂ, ಕೊಳಲು, ತಬಲಾ ಸದ್ದು ಬೇಕು, ಜೊತೆಗೆ ತಾಳ ತನ್ನಷ್ಟಕ್ಕೆ ಓಡಬೇಕು ಅಂತಾದರೆ ನಿಮಗೆ ಬೇಕಾದ್ದು ಸಿಂಥ್ ಅಲ್ಲ. ಯಮಹಾ ಪಿಎಸ್ಆರ್-ಐ500 ತರಹದ ಕೀಬೋರ್ಡ್ ನೋಡಿ. ಅದರಲ್ಲಿ 61 ಕೀ ಉಂಟು, ನಮ್ಮ ದೇಶದ ವಾದ್ಯಗಳ ಸದ್ದು ಉಂಟು, ಅಭ್ಯಾಸಕ್ಕೆ ತಂಬೂರಿ-ತಬಲಾ ಜೊತೆ ಕೊಡುವ ರಿಯಾಜ್ ಎಂಬ ಸೌಲಭ್ಯವೂ ಉಂಟು. ಊರೂರು ಸುತ್ತಿ ಆರ್ಕೆಸ್ಟ್ರಾದಲ್ಲಿ ನುಡಿಸುವವರಾದರೆ ರೋಲಂಡ್ ಎಕ್ಸ್‌ಪಿಎಸ್-10 ಹೊಂದುತ್ತದೆ. 61 ಕೀ ಇದ್ದೂ ನಾಲ್ಕು ಕೆಜಿ ಆಸುಪಾಸು ಮಾತ್ರ ತೂಕ. ಮದುವೆ ಹಾಲ್‌ನಿಂದ ಮದುವೆ ಹಾಲ್‌ಗೆ ಬಸ್ಸಿನಲ್ಲೇ ತೆಗೆದುಕೊಂಡು ಹೋಗಬಹುದು.

ಸಿಂಥ್‌ನಲ್ಲಿ ವಾದ್ಯಗಳ ಸದ್ದು ರೆಡಿ ಇರುವುದಿಲ್ಲ. ಇದ್ದರೂ ಅದು ಅದರ ಮುಖ್ಯ ಕೆಲಸ ಅಲ್ಲ. ಸದ್ದನ್ನು ನೀವೇ ಮಾಡಬೇಕು. ಒಳಗೆ ಒಂದು ಆಸಿಲೇಟರ್ ಇರುತ್ತದೆ, ಅದು ಕಚ್ಚಾ ಸದ್ದು ಹುಟ್ಟಿಸುತ್ತದೆ. ಆಮೇಲೆ ಫಿಲ್ಟರ್. ಅದು ಸದ್ದಿನ ಹರಿತವನ್ನು ಕಡಿಮೆ-ಜಾಸ್ತಿ ಮಾಡುತ್ತದೆ. ಒಂದೇ ಸ್ವರದಲ್ಲಿ ಬಾಯನ್ನು ‘ಊ’ ಇಂದ ‘ಆ’ಗೆ ನಿಧಾನ ತೆರೆದರೆ ಏನಾಗುತ್ತದೋ, ಫಿಲ್ಟರ್ ನಾಬ್ ತಿರುಗಿಸಿದಾಗ ಸುಮಾರು ಅದೇ ಆಗುತ್ತದೆ. ಸದ್ದು ಎಷ್ಟು ಬೇಗ ಏಳಬೇಕು, ಎಷ್ಟು ಹೊತ್ತಿಗೆ ಆರಬೇಕು ಅನ್ನುವುದನ್ನು ಎನ್ವಲಪ್ ನೋಡಿಕೊಳ್ಳುತ್ತದೆ. ಈ ಮೂರು ಅರ್ಥವಾದರೆ ಯಾವ ಸಿಂಥ್ ಮುಂದೆ ಕೂತರೂ ಹೆದರಿಕೆ ಇಲ್ಲ.

ಇಲ್ಲಿ ಹೋಲಿಸುತ್ತಿರುವುದು ನಾಲ್ಕು ಸಿಂಥ್: ಕೋರ್ಗ್ ವೋಲ್ಕಾ ಕೀಸ್, ಕೋರ್ಗ್ ಮೊನೊಲಾಗ್, ಆರ್ಟೂರಿಯಾ ಮೈಕ್ರೊಫ್ರೀಕ್, ರೋಲಂಡ್ ಎಸ್-1. ಹೊರದೇಶದಲ್ಲಿ ಬಿಡುಗಡೆಯಾದಾಗ ವೋಲ್ಕಾ ಸುಮಾರು 150 ಡಾಲರ್, ಎಸ್-1 ಸುಮಾರು 200, ಮೊನೊಲಾಗ್ ಮತ್ತು ಮೈಕ್ರೊಫ್ರೀಕ್ ಸುಮಾರು 300 ಡಾಲರ್ ಇದ್ದವು. ನಮ್ಮಲ್ಲಿಗೆ ಬರುವಾಗ ಸುಂಕ, ತೆರಿಗೆ, ಸಾಗಾಟ ಎಲ್ಲ ಸೇರುತ್ತದೆ. ಡಾಲರನ್ನು ರೂಪಾಯಿಗೆ ಗುಣಿಸಿ ಬಂದ ಲೆಕ್ಕಕ್ಕಿಂತ ಜಾಸ್ತಿಯೇ ಆಗುತ್ತದೆ. ಯಾವುದು ಅಗ್ಗ, ಯಾವುದು ದುಬಾರಿ ಅಂತ ಅಂದಾಜು ಸಿಗಲಿ ಎಂದು ಹೇಳಿದೆ, ಅಷ್ಟೇ.

ಕೋರ್ಗ್ ವೋಲ್ಕಾ ಕೀಸ್

2013ರಲ್ಲಿ ಬಂದದ್ದು. ನಾಲ್ಕರಲ್ಲಿ ಅಗ್ಗ, ಕಲಿಯಲು ಬಹಳ ಒಳ್ಳೆಯದು. ಅಪ್ಪಟ ಅನಲಾಗ್, ಅಂದರೆ ಸದ್ದು ಹುಟ್ಟುವುದು ನೇರ ವಿದ್ಯುತ್ ಸರ್ಕ್ಯೂಟಿನಲ್ಲಿ, ಡಿಜಿಟಲ್‌ನ ಹಾಗೆ ಅಂಕಿ ಲೆಕ್ಕದಲ್ಲಿ ಅಲ್ಲ. ಒಟ್ಟಿಗೆ ಮೂರು ಸ್ವರ ನುಡಿಯುತ್ತದೆ. ಚಿಕ್ಕ ಸ್ಪೀಕರ್ ಒಳಗೇ ಇದೆ. ಆರು ಪೆನ್ಸಿಲ್ ಸೆಲ್ ಹಾಕಿದರೆ ಮನೆಯ ಚಾವಡಿಯಲ್ಲೋ ಪಣಂಬೂರಿನ ಬೀಚಿನಲ್ಲೋ ಕೂತು ನುಡಿಸಬಹುದು. ಪ್ರತಿ ನಾಬ್‌ಗೂ ಒಂದೇ ಕೆಲಸ. ತಿರುಗಿಸಿದ ಕೂಡಲೇ ಸದ್ದು ಬದಲಾಗುತ್ತದೆ. ಮೆನು ಹುಡುಕುವ ಕಾಟ ಬಹಳ ಕಡಿಮೆ.

ನಮ್ಮವರಿಗೆ ಇಷ್ಟವಾಗುವ ಒಂದು ವಿಷಯ ಇದರಲ್ಲಿದೆ. ವಾಯ್ಸ್ ನಾಬನ್ನು ‘ಫಿಫ್ತ್’ ಎಂಬಲ್ಲಿಗೆ ತಿರುಗಿಸಿ ಒಂದು ಕೀ ಒತ್ತಿದರೆ ಷಡ್ಜದ ಜೊತೆ ಪಂಚಮವೂ ಕೇಳುತ್ತದೆ. ಫಿಲ್ಟರನ್ನು ಅರ್ಧಕ್ಕಿಂತ ಕೆಳಗಿಡಿ, ಸದ್ದು ಮೆಲ್ಲ ಏಳುವ ಹಾಗೆ ಅಟ್ಯಾಕ್ ಸ್ವಲ್ಪ ಜಾಸ್ತಿ ಮಾಡಿ, ಡಿಲೇ (ಸದ್ದು ಮರುಕಳಿಸುವ ಪ್ರತಿಧ್ವನಿ) ಒಂದು ಚೂರು ಸೇರಿಸಿ. ಹಾಡಲು ಕೂರುವಷ್ಟು ಒಳ್ಳೆಯ ಶ್ರುತಿ ಸಿಗುತ್ತದೆ. ಪೋರ್ಟಮೆಂಟೊ ಎಂಬ ನಾಬ್ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ವೇಗವನ್ನು ಹಿಡಿದುಕೊಳ್ಳುತ್ತದೆ.

ಇನ್ನು ಕೊರತೆ. ಕೀಬೋರ್ಡ್ ಅಂದರೆ 27 ಸ್ವರದ ಒಂದು ಸಪಾಟು ಪಟ್ಟಿ. ಒತ್ತಲು ಏನೂ ಇಲ್ಲ, ಮುಟ್ಟಿದರೆ ನುಡಿಯುತ್ತದೆ. ಹಾರ್ಮೋನಿಯಂ, ಕೀಬೋರ್ಡ್ ಅಭ್ಯಾಸ ಇದ್ದವರಿಗೆ ಇದರಲ್ಲಿ ಸರಾಗವಾಗಿ ಬೆರಳು ಓಡುವುದಿಲ್ಲ. ಇನ್ನೊಂದು, ಮಾಡಿದ ಸದ್ದನ್ನು ಉಳಿಸಿಡಲು ಆಗುವುದಿಲ್ಲ. ನುಡಿಸಿದ ಸ್ವರಗಳ ಎಂಟು ಪ್ಯಾಟರ್ನ್ ಉಳಿಯುತ್ತವೆ, ಆದರೆ ನಾಬ್‌ಗಳು ಎಲ್ಲಿದ್ದವು ಅನ್ನುವುದು ಉಳಿಯುವುದಿಲ್ಲ. ಒಳ್ಳೆಯ ಸದ್ದು ಬಂದಾಗ ಮೊಬೈಲಿನಲ್ಲಿ ಮೇಲಿನಿಂದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಲಿಕೆಗೆ ಇದು ಒಳ್ಳೆಯದೇ. ದಿನಾ ಸೊನ್ನೆಯಿಂದ ಮಾಡಿ ಮಾಡಿ ಕೈ ಪಳಗುತ್ತದೆ. ಆದರೆ ನಾಟಕದ ರಂಗದಲ್ಲಿ ದೃಶ್ಯ ಬದಲಾಗುವಷ್ಟರಲ್ಲಿ ಹೊಸ ಸದ್ದು ಬೇಕು ಅಂದರೆ ಇದು ಆಗುವ ಮಾತಲ್ಲ.

ರೋಲಂಡ್ ಎಸ್-1

ಇದು 2023ರದ್ದು. ರೋಲಂಡ್ ಕಂಪನಿಯ 1982ರ ಎಸ್ಎಚ್-101 ಎಂಬ ಹೆಸರಾಂತ ಸಿಂಥ್‌ನ ಸದ್ದನ್ನು ಡಿಜಿಟಲ್ ಆಗಿ ಮಾಡಿ ಅಂಗೈ ಅಗಲದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಹಳೆಯದರಲ್ಲಿ ಒಂದೇ ಸ್ವರ, ಇದರಲ್ಲಿ ನಾಲ್ಕು. ರಿವರ್ಬ್ (ದೊಡ್ಡ ಹಾಲ್‌ನಲ್ಲಿ ನುಡಿಸಿದ ಹಾಗೆ ಕೇಳಿಸುವುದು), ಡಿಲೇ, ಕೋರಸ್ (ಒಂದೇ ಸದ್ದನ್ನು ಹಲವರು ನುಡಿಸಿದ ಹಾಗೆ ದಪ್ಪ ಮಾಡುವುದು) ಒಳಗೇ ಇವೆ. ಬ್ಯಾಟರಿಯೂ ಒಳಗೇ, ಮೊಬೈಲಿನ ಟೈಪ್-ಸಿ ವೈರಿನಲ್ಲೇ ಚಾರ್ಜ್ ಆಗುತ್ತದೆ. ತೂಕ ಸುಮಾರು 300 ಗ್ರಾಂ. ಅದೇ ಒಂದು ವೈರಿನಲ್ಲಿ ಕಂಪ್ಯೂಟರಿಗೆ ಸದ್ದು ಕೂಡ ಹೋಗುತ್ತದೆ. ರೆಕಾರ್ಡ್ ಮಾಡಲು ಬೇರೆ ಆಡಿಯೋ ಇಂಟರ್‌ಫೇಸ್ ಕೊಳ್ಳುವ ಖರ್ಚು ಉಳಿಯಿತು. ಮಾಡಿದ ಸದ್ದನ್ನೂ ಪ್ಯಾಟರ್ನ್ ಜೊತೆ ಉಳಿಸಿಡಬಹುದು.

ಇದರ ಬಲ ಇರುವುದು ಸೀಕ್ವೆನ್ಸರಿನಲ್ಲಿ. ಸ್ವರಗಳನ್ನು ಹೆಜ್ಜೆ ಹೆಜ್ಜೆಯಾಗಿ ತುಂಬಿಟ್ಟರೆ ತಾನೇ ಮತ್ತೆ ಮತ್ತೆ ನುಡಿಸುವ ಭಾಗ ಅದು. 64 ಹೆಜ್ಜೆ ಉದ್ದದವರೆಗೆ ಹೋಗಬಹುದು, ಎಲ್ಲಿ ಮುಗಿಯಬೇಕು ಅಂತ ನಾವೇ ಇಡಬಹುದು. ಇದು ನಮಗೆ ಯಾಕೆ ಮುಖ್ಯ ಅಂದರೆ, ಎಷ್ಟೋ ಯಂತ್ರಗಳು 16ರ ಲೆಕ್ಕದಲ್ಲೇ ಯೋಚಿಸುತ್ತವೆ. ಏಕತಾಳಕ್ಕೆ ಅದು ಸಾಕು. ತ್ರಿವುಡೆಗೆ 7 ಅಕ್ಷರ, ಝಂಪೆಗೆ 10. ಎಸ್-1ರಲ್ಲಿ ಕೊನೆಯ ಹೆಜ್ಜೆಯನ್ನು 14ಕ್ಕೆ ಇಟ್ಟರೆ ಅಕ್ಷರಕ್ಕೆ ಎರಡರಂತೆ ತ್ರಿವುಡೆಯ ಒಂದು ಆವರ್ತ ಸರಿಯಾಗಿ ಕೂರುತ್ತದೆ. 56ಕ್ಕೆ ಇಟ್ಟರೆ ನಾಲ್ಕು ಆವರ್ತ. ಝಂಪೆಗೆ 20, 40 ಅಥವಾ 60. ಚೆಂಡೆ-ಮದ್ದಳೆ ನುಡಿಸುವ ಗೆಳೆಯ ಎದುರು ಕೂತಿದ್ದರೆ ಅವನ ತಾಳದ ಕೆಳಗೆ ಒಂದು ಬೇಸ್ ಓಡಿಸಿ ನೋಡಿ, ಅದರ ಸುಖವೇ ಬೇರೆ.

ಕಷ್ಟ ಎಲ್ಲಿ ಅಂದರೆ, ಪೆಟ್ಟಿಗೆ ಚಿಕ್ಕದಾದ ಹಾಗೆ ನಾಬ್‌ಗಳೂ ಚಿಕ್ಕವು, ಒತ್ತಿಒತ್ತಾಗಿವೆ. ತುಂಬಾ ಕೆಲಸಗಳು ಶಿಫ್ಟ್ ಬಟನ್ ಹಿಂದೆ ಅಡಗಿವೆ. ಪರದೆಯಲ್ಲಿ ಕಾಣುವುದು ನಾಲ್ಕೇ ಅಕ್ಷರ. ಮೊದಲ ವಾರ ಮ್ಯಾನ್ಯುಯಲ್ ಪಕ್ಕದಲ್ಲೇ ಇರಬೇಕು. ಕೀಗಳು ಬರೀ ಸಣ್ಣ ಬಟನ್. ಮೆಲ್ಲ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸದ್ದು. ಜಾರು ಉಂಟು, ಪೋರ್ಟಮೆಂಟೊ ಇಟ್ಟುಕೊಳ್ಳಬಹುದು. ಯಂತ್ರವನ್ನೇ ಕೈಯಲ್ಲಿ ಹಿಡಿದು ಓರೆ ಮಾಡಿ ಸದ್ದು ಬದಲಿಸುವ ಸೌಲಭ್ಯವೂ ಉಂಟು. ಆದರೂ ಹಾಡಿದ ಹಾಗೆ ನುಡಿಸಲು ಇದರ ಮೇಲೆ ಕೈ ಕೂರುವುದಿಲ್ಲ. ಒಂದು ಸಣ್ಣ ಮಿಡಿ ಕೀಬೋರ್ಡ್ (ಬೇರೆ ಯಂತ್ರವನ್ನು ನುಡಿಸಲು ಜೋಡಿಸುವ ಕೀಗಳು) ಜೋಡಿಸಿದರೆ ಆ ಕೊರತೆ ತುಂಬುತ್ತದೆ, ಖರ್ಚೂ ಏರುತ್ತದೆ.

ಆರ್ಟೂರಿಯಾ ಮೈಕ್ರೊಫ್ರೀಕ್

2019ರಲ್ಲಿ ಬಂದ ಈ ಸಿಂಥ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮೇಲಿನ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ.

ಆಸಿಲೇಟರ್ ಡಿಜಿಟಲ್, ಫಿಲ್ಟರ್ ಅನಲಾಗ್. ಆಸಿಲೇಟರಿನಲ್ಲಿ ಹತ್ತಾರು ಬಗೆ. ತಂತಿ ಮೀಟಿದ ಸದ್ದು ಕೊಡುವ ಕಾರ್ಪ್ಲಸ್-ಸ್ಟ್ರಾಂಗ್ ಒಂದು. ಗಂಟೆ, ಲೋಹದ ಪಾತ್ರೆ ಬಡಿದ ಹಾಗೆ ಕೇಳಿಸುವ ಮೋಡಲ್ ಒಂದು. ಮನುಷ್ಯರ ಬಾಯಿಯ ಸ್ವರ ಹೋಲುವ ಫಾರ್ಮಂಟ್ ಒಂದು. ಯಾವ ಬಗೆ ಆರಿಸಿದರೂ ಅದನ್ನು ತಿದ್ದಲು ಅವೇ ಮೂರು ನಾಬ್: ವೇವ್, ಟಿಂಬರ್, ಶೇಪ್. ಕಲಿಯಲು ಕಷ್ಟ ಇಲ್ಲ. ಕಂಪನಿಯವರು ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಹೊಸ ಬಗೆಗಳನ್ನು ಪುಕ್ಕಟೆ ಸೇರಿಸುತ್ತಲೂ ಬಂದಿದ್ದಾರೆ.

ಕೀಬೋರ್ಡ್ ನೋಡಿದರೆ ಮೊದಲು ನಿರಾಸೆ ಆಗಬಹುದು. 25 ಸ್ವರದ ಸಪಾಟು ಪ್ಲೇಟು, ಕೆಳಗೆ ಹೋಗುವ ಕೀ ಇಲ್ಲ. ಆದರೆ ಬೆರಳನ್ನು ಎಷ್ಟು ಅಗಲಕ್ಕೆ ಒತ್ತಿದಿರಿ ಅನ್ನುವುದು ಪ್ರತಿ ಸ್ವರಕ್ಕೂ ಬೇರೆ ಬೇರೆಯಾಗಿ ಅದಕ್ಕೆ ತಿಳಿಯುತ್ತದೆ. ಈ ಬೆಲೆಯಲ್ಲಿ ಇದು ಬಹಳ ಅಪರೂಪ.

ಇದನ್ನು ಗಮಕಕ್ಕೆ, ಅಂದರೆ ಸ್ವರವನ್ನು ಜಾರಿಸಿ ಅಲುಗಿಸುವುದಕ್ಕೆ, ಬಳಸುವುದು ಹೀಗೆ. ಮೇಲ್ಭಾಗದಲ್ಲಿ ಚುಕ್ಕಿಗಳ ಒಂದು ಮ್ಯಾಟ್ರಿಕ್ಸ್ ಕಾಣುತ್ತದೆ, ಐದು ಸಾಲು, ಏಳು ಕಾಲಂ. ಪಕ್ಕದ ನಾಬ್ ತಿರುಗಿಸಿ ‘ಪ್ರೆಸ್’ ಎಂಬ ಸಾಲು ಮತ್ತು ‘ಪಿಚ್’ ಎಂಬ ಕಾಲಂ ಕೂಡುವ ಚುಕ್ಕಿಗೆ ಬನ್ನಿ. ನಾಬ್ ಒತ್ತಿ, ಸ್ವಲ್ಪವೇ ಸ್ವಲ್ಪ ತಿರುಗಿಸಿ. ಈಗ ಸ್ವರ ಹಿಡಿದು ಬೆರಳಿನ ತುದಿಯಿಂದ ಬೆರಳಿನ ಹೊಟ್ಟೆಗೆ ಭಾರ ಬದಲಿಸಿದರೆ ಸ್ವರ ಮೇಲಕ್ಕೆ ಎಳೆದುಕೊಳ್ಳುತ್ತದೆ, ಬಿಟ್ಟರೆ ಕೆಳಗೆ ಬರುತ್ತದೆ. ಬೆರಳನ್ನು ತೂಗಿದರೆ ಕಂಪಿತ. ಗ್ಲೈಡ್ ನಾಬ್ ಸ್ವಲ್ಪ ಏರಿಸಿದರೆ ಎರಡು ಸ್ವರದ ನಡುವಿನ ಜಾರು ಸಿಕ್ಕಿತು. ಮೋಹನ ರಾಗದ ಗಾಂಧಾರದಿಂದ ಪಂಚಮಕ್ಕೆ ಹೋಗಿ ನೋಡಿ. ಕಾರ್ಪ್ಲಸ್-ಸ್ಟ್ರಾಂಗ್ ಸದ್ದಿನಲ್ಲಿ ಇದನ್ನು ಕೇಳಿದವರು ವೀಣೆ ಕಲಿತವರಾದರೆ ಒಮ್ಮೆ ತಿರುಗಿ ನೋಡುತ್ತಾರೆ. ವೀಣೆಯೇ ಬಂತು ಅಂತ ಅಲ್ಲ. ಸ್ವರ ಬೆರಳಿನ ಮಾತು ಕೇಳುತ್ತಿದೆ ಅಂತ.

ಇದರಲ್ಲಿ ಇಲ್ಲದ್ದು ಏನು? ರಿವರ್ಬ್, ಡಿಲೇ ಇಲ್ಲ. ಸದ್ದು ಒಣಒಣ. ಮಿಕ್ಸರಿನಲ್ಲೋ ಲ್ಯಾಪ್‌ಟಾಪಿನಲ್ಲೋ ಸೇರಿಸಿಕೊಳ್ಳಬೇಕು. ನಾಲ್ಕು ಸ್ವರ ಒಟ್ಟಿಗೆ ನುಡಿಸಬಹುದು, ಆದರೆ ನಾಲ್ಕಕ್ಕೂ ಫಿಲ್ಟರ್ ಒಂದೇ. ಚರ್ಚಿನ ಹಾಡಿಗೆ ಕೈ ತುಂಬಾ ಕಾರ್ಡ್ (ಒಟ್ಟಿಗೆ ಹಲವು ಸ್ವರ) ಹಿಡಿದು ನುಡಿಸುವವರಿಗೆ ಇದು ಸಾಲದು. ಒಳಗೆ ಸ್ಪೀಕರ್ ಇಲ್ಲ, ಸೆಲ್ ಹಾಕುವ ಜಾಗ ಇಲ್ಲ. ಆದರೆ ಯುಎಸ್‌ಬಿಯಿಂದಲೂ ನಡೆಯುತ್ತದೆ, ಹಾಗಾಗಿ ಪವರ್ ಬ್ಯಾಂಕ್ ಸಾಕು. ಇನ್ನೊಂದು, ನಮ್ಮ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಬೆವರಿದ ಬೆರಳು ಆ ಪ್ಲೇಟಿನ ಮೇಲೆ ಸರಾಗ ಜಾರುವುದಿಲ್ಲ. ಪಕ್ಕದಲ್ಲಿ ಒಂದು ಹತ್ತಿ ಬಟ್ಟೆ ಇರಲಿ, ಕೈಯನ್ನೂ ಪ್ಲೇಟನ್ನೂ ಒರೆಸಿಕೊಂಡು ನುಡಿಸಿ.

ಸೀಕ್ವೆನ್ಸರ್ ಇದರಲ್ಲೂ 64 ಹೆಜ್ಜೆಯದೇ, ಉದ್ದ ನಮಗೆ ಬೇಕಾದಷ್ಟು. ತಾಳದ ವಿಷಯದಲ್ಲಿ ಎಸ್-1ಕ್ಕೆ ಹೇಳಿದ್ದು ಇದಕ್ಕೂ ಹೊಂದುತ್ತದೆ.

ಕೋರ್ಗ್ ಮೊನೊಲಾಗ್

ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ಅನಲಾಗ್ ಸಿಂಥ್. ಎರಡು ಆಸಿಲೇಟರ್, 25 ಸಣ್ಣ ಕೀ. ಇವು ಮಾತ್ರ ನಿಜವಾದ ಕೀಗಳು, ಒತ್ತಿದರೆ ಕೆಳಗೆ ಹೋಗುತ್ತವೆ. ಎರಡು ಆಸಿಲೇಟರನ್ನೂ ಒಂದೇ ಸ್ವರಕ್ಕೆ ಇಟ್ಟು ಒಂದನ್ನು ಕೂದಲೆಳೆಯಷ್ಟು ಸರಿಸಿದರೆ ಬರುವ ದಪ್ಪ ಸದ್ದು ಇದೆಯಲ್ಲ, ಅದಕ್ಕೇ ಇದನ್ನು ಕೊಳ್ಳುವವರು ಇದ್ದಾರೆ. 100 ಸದ್ದು ಉಳಿಸಿಡಬಹುದು, ಅದರಲ್ಲಿ 80 ಕಂಪನಿಯವರೇ ತುಂಬಿಸಿ ಕೊಡುತ್ತಾರೆ.

ನಮ್ಮ ಸಂಗೀತ ಕಲಿತವರು ಇದನ್ನು ಗಮನಿಸಬೇಕಾದ ಕಾರಣ ಬೇರೆ. ಇದರಲ್ಲಿ ಮೈಕ್ರೊಟ್ಯೂನಿಂಗ್ ಉಂಟು. ಕೀಬೋರ್ಡಿನ ಹನ್ನೆರಡು ಸ್ವರಗಳ ನಡುವಿನ ಅಂತರ ಎಲ್ಲ ಸಮ, ಪ್ರತಿಯೊಂದೂ 100 ಸೆಂಟ್ (ಸ್ವರಗಳ ನಡುವಿನ ದೂರ ಅಳೆಯುವ ಮಾನ). ಹಾಗಾಗಿ ಕೀಬೋರ್ಡಿನಲ್ಲಿ ‘ಅಂತರ ಗಾಂಧಾರ’ ಎಂಬ ಸ್ವರ ಷಡ್ಜದಿಂದ 400 ಸೆಂಟ್ ಮೇಲಿರುತ್ತದೆ. ತಂಬೂರಿ ಚೆನ್ನಾಗಿ ಶ್ರುತಿಯಾದಾಗ ಅದರೊಳಗಿನಿಂದ ತಾನಾಗಿ ಕೇಳುವ ಗಾಂಧಾರ ಸುಮಾರು 386 ಸೆಂಟ್. ವ್ಯತ್ಯಾಸ 14 ಸೆಂಟ್. ಓಡುವ ಹಾಡಿನಲ್ಲಿ ಅದು ಗೊತ್ತಾಗದೆ ಹೋಗಬಹುದು. ಶ್ರುತಿಪೆಟ್ಟಿಗೆ ಇಟ್ಟುಕೊಂಡು ಗಾಂಧಾರದಲ್ಲಿ ನಿಂತರೆ ಕಿವಿಗೆ ಚುಚ್ಚುತ್ತದೆ. ಪಂಚಮಕ್ಕೆ ಈ ತೊಂದರೆ ಇಲ್ಲ, ಅಲ್ಲಿ ವ್ಯತ್ಯಾಸ 2 ಸೆಂಟ್ ಮಾತ್ರ.

ಮೊನೊಲಾಗ್‌ನಲ್ಲಿ ಒಂದೊಂದು ಸ್ವರವನ್ನೂ ಹೀಗೆ ಸೆಂಟ್ ಲೆಕ್ಕದಲ್ಲಿ ಇಳಿಸಿ-ಏರಿಸಿ ನಿಮ್ಮದೇ ಶ್ರುತಿ ಕಟ್ಟಿ ಇಟ್ಟುಕೊಳ್ಳಬಹುದು. ಷಡ್ಜ ಯಾವ ಕೀ ಅನ್ನುವುದನ್ನು ಮೊದಲು ತೀರ್ಮಾನಿಸಿ. ನೀವು ಹಾಡುವುದು ಕಪ್ಪು ಎರಡರಲ್ಲೋ ಬಿಳಿ ಐದರಲ್ಲೋ, ಅಲ್ಲಿಂದಲೇ ಲೆಕ್ಕ ಶುರು ಮಾಡಬೇಕು. ಇಲ್ಲದಿದ್ದರೆ ಬೇರೆ ಸ್ವರ ಇಳಿದುಹೋಗುತ್ತದೆ.

ಇದು 2017ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಯಂತ್ರ. ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕುವುದೇ ಜಾಣತನ. ರಿವರ್ಬ್ ಇದರಲ್ಲೂ ಇಲ್ಲ. ಆರು ಸೆಲ್ ಹಾಕಿಯೂ ನಡೆಸಬಹುದು. ಒಂದೇ ಸ್ವರ ಅನ್ನುವುದು ಕೊರತೆ ಅಂತ ತುಂಬಾ ಜನ ಹೇಳುತ್ತಾರೆ. ಕಾರ್ಡ್ ಬೇಕಾದವರಿಗೆ ಹೌದು. ಕೊಳಲಿನಲ್ಲೂ ನಾಗಸ್ವರದಲ್ಲೂ ಒಂದು ಸಲಕ್ಕೆ ಒಂದೇ ಸ್ವರ ಅಲ್ವಾ? ರಾಗ ನುಡಿಸುವವರಿಗೆ ಇದು ಅಡ್ಡಿಯೇ ಅಲ್ಲ.

ಹಾಗಾದರೆ ಯಾರಿಗೆ ಯಾವುದು?

ಮನೆಯಲ್ಲಿ ಲ್ಯಾಪ್‌ಟಾಪ್ ಇದೆ, ಹಾಡು ಕಟ್ಟುವ ಆಸೆ ಇದೆ, ಹಣ ಒಂದೇ ಸಲ ಹಾಕುವುದು ಅಂತಿದ್ದರೆ ಮೈಕ್ರೊಫ್ರೀಕ್. ಲ್ಯಾಪ್‌ಟಾಪ್ ಇಲ್ಲ, ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ, ಹೆಡ್‌ಫೋನ್ ಹಾಕಿಕೊಂಡು ಮಾಡುವುದು ಅಂತಿದ್ದರೆ ಎಸ್-1. ಹೈಸ್ಕೂಲಿನ ಮಗ ಅಥವಾ ಮಗಳಿಗೆ ಸದ್ದು ಹೇಗೆ ಹುಟ್ಟುತ್ತದೆ ಅಂತ ತೋರಿಸಬೇಕಾದರೆ ವೋಲ್ಕಾ ಕೀಸ್. ಶಾಸ್ತ್ರೀಯ ಸಂಗೀತ ಕಲಿತು ಕಿವಿ ಸೂಕ್ಷ್ಮವಾಗಿದ್ದರೆ, ಸ್ವರಸ್ಥಾನದಲ್ಲಿ ರಾಜಿ ಮಾಡಿಕೊಳ್ಳಲು ಮನಸ್ಸಿಲ್ಲದಿದ್ದರೆ ಮೊನೊಲಾಗ್.

ಬೇರೆ ಹೆಸರುಗಳೂ ಕೇಳಿಬರುತ್ತವೆ. ಕೋರ್ಗ್ ಮೈಕ್ರೊಕೋರ್ಗ್ 2002ರಿಂದ ಇದೆ, 37 ಸಣ್ಣ ಕೀ, ಮೈಕಿನಲ್ಲಿ ಮಾತಾಡಿದರೆ ಯಂತ್ರದ ದನಿಯಲ್ಲಿ ಹಾಡಿಸುವ ವೊಕೋಡರ್ ಕೂಡ ಉಂಟು. ನಾಟಕದವರು ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ. ದೆವ್ವ, ಆಕಾಶವಾಣಿ, ರೋಬೋಟ್ ಎಲ್ಲದಕ್ಕೂ ಆಗುತ್ತದೆ. ಯಮಹಾ ರಿಫೇಸ್ ಸಿಎಸ್ ಎಂಟು ಸ್ವರ ನುಡಿಯುತ್ತದೆ, ಸ್ಪೀಕರ್ ಒಳಗೇ ಇದೆ, ಕೀಗಳು ಚಿಕ್ಕವಾದರೂ ಹಿತವಾಗಿವೆ. ಬೆಲೆ ಮಾತ್ರ ಮೇಲಿನ ನಾಲ್ಕಕ್ಕಿಂತ ಮೇಲೆ.

ಹಣ ಹಾಕುವ ಮೊದಲು ಲ್ಯಾಪ್‌ಟಾಪಿನಲ್ಲಿ ಒಂದು ತಿಂಗಳು

ಲ್ಯಾಪ್‌ಟಾಪ್ ಇದ್ದವರಿಗೆ ಇದನ್ನು ಒತ್ತಿ ಹೇಳುತ್ತೇನೆ. ವೈಟಲ್ ಎಂಬ ಸಾಫ್ಟ್‌ವೇರ್ ಸಿಂಥ್‌ನ ಮೂಲ ಆವೃತ್ತಿ ಪುಕ್ಕಟೆ. ಸರ್ಜ್ ಎಕ್ಸ್‌ಟಿ ಪೂರ್ತಿ ಪುಕ್ಕಟೆ. 1983ರಲ್ಲಿ ಬಂದು ಆ ಕಾಲದ ಸಂಗೀತದ ಸದ್ದನ್ನೇ ಬದಲಿಸಿದ ಯಮಹಾ ಡಿಎಕ್ಸ್7ರ ಸದ್ದು ಬೇಕಾದರೆ ಡೆಕ್ಸೆಡ್ ಉಂಟು, ಅದೂ ಪುಕ್ಕಟೆ. ವೈಟಲ್ ಪರದೆಯಲ್ಲಿ ಅಲೆಯ ಆಕಾರ ಕಣ್ಣಿಗೆ ಕಾಣುತ್ತದೆ, ಫಿಲ್ಟರ್ ಏನು ಕತ್ತರಿಸುತ್ತಿದೆ ಅಂತಲೂ ಕಾಣುತ್ತದೆ. ಕಲಿಯುವವರಿಗೆ ಇಷ್ಟು ಸ್ಪಷ್ಟವಾಗಿ ತೋರಿಸುವ ಯಂತ್ರ ಈ ಬೆಲೆಗೆ ಇಲ್ಲ.

ಹಾಗಾದರೆ ಯಂತ್ರ ಯಾಕೆ? ಕೈಗೋಸ್ಕರ. ಮೌಸ್ ಹಿಡಿದು ಒಂದು ನಾಬ್ ತಿರುಗಿಸುವುದಕ್ಕೂ ಎರಡು ಕೈಯಲ್ಲಿ ಎರಡು ನಾಬ್ ಹಿಡಿದು ಹಾಡಿನ ಜೊತೆ ಏರಿಸಿ-ಇಳಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಒಂದು ತಿಂಗಳು ಪುಕ್ಕಟೆಯದ್ದು ಬಳಸಿ. ದಿನಾ ಕೂರುವ ಮನಸ್ಸು ಬರುತ್ತದಾ ನೋಡಿ. ಬಂದರೆ ಯಂತ್ರ ತೆಗೆದುಕೊಳ್ಳಿ. ಆಗ ಯಾವ ನಾಬ್ ನಿಮಗೆ ಕೈಗೆಟುಕಬೇಕು ಅನ್ನುವುದೂ ಗೊತ್ತಿರುತ್ತದೆ.

ವೈರು, ಕರೆಂಟು, ಮಳೆ

ಈ ಭಾಗವನ್ನು ಹೊರದೇಶದ ವಿಡಿಯೋಗಳಲ್ಲಿ ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಇದೇ ಮುಖ್ಯ.

ವೋಲ್ಕಾ ಮತ್ತು ಎಸ್-1ರಿಂದ ಸದ್ದು ಹೊರಬರುವುದು ಮೊಬೈಲ್ ಹೆಡ್‌ಫೋನಿನ ಸಣ್ಣ ಪಿನ್ನಿನಲ್ಲಿ. ಹಾಲ್‌ನ ಮಿಕ್ಸರಿಗೆ ಹೋಗುವುದು ದೊಡ್ಡ ಪಿನ್. ಸಣ್ಣ ಪಿನ್ನಿನಿಂದ ಎರಡು ದೊಡ್ಡ ಪಿನ್ನಿಗೆ ಒಡೆಯುವ ವೈರು ನಿಮ್ಮ ಚೀಲದಲ್ಲೇ ಇರಲಿ. ಸೌಂಡಿನವರ ಹತ್ತಿರ ಇರುತ್ತದೆ ಅಂತ ನಂಬಿ ಹೋಗಬೇಡಿ. ಮೈಕ್ರೊಫ್ರೀಕ್, ಮೊನೊಲಾಗ್‌ಗೆ ದೊಡ್ಡ ಪಿನ್ನಿನ ಜಾಗವೇ ಉಂಟು. ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಕರೆಂಟ್ ಕೊಟ್ಟು, ಅದೇ ಹೊತ್ತಿಗೆ ಮಿಕ್ಸರಿಗೂ ಜೋಡಿಸಿದರೆ ಗುಂಯ್ ಎನ್ನುವ ಸದ್ದು ಬರಬಹುದು. ಆಗ ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ ನೋಡಿ, ಅಥವಾ ಸಿಂಥ್‌ಗೆ ಬೇರೆ ಕರೆಂಟ್ ಕೊಡಿ.

ಕೋರ್ಗ್‌ನ ಎರಡಕ್ಕೂ ಅಡಾಪ್ಟರನ್ನು ಬೇರೆ ಕೊಳ್ಳಬೇಕು, ಬಿಲ್ ಮಾಡಿಸುವಾಗಲೇ ಕೇಳಿ. 9 ವೋಲ್ಟ್ ಅಂತ ಗಿಟಾರ್ ಪೆಡಲಿನ ಅಡಾಪ್ಟರ್ ಹಾಕಲು ಹೋಗಬೇಡಿ. ಪೆಡಲ್‌ಗಳಿಗೆ ಸಾಮಾನ್ಯವಾಗಿ ಪಿನ್ನಿನ ನಡುಭಾಗ ಮೈನಸ್, ಕೋರ್ಗ್‌ಗೆ ನಡುಭಾಗ ಪ್ಲಸ್. ತಿರುಗಾಮುರುಗಾ ಆದರೆ ಯಂತ್ರ ಸುಡುವ ಅಪಾಯ ಇದೆ.

ಅನಲಾಗ್ ಸಿಂಥ್‌ನ ಶ್ರುತಿ ಬಿಸಿ-ತಂಪಿಗೆ ಸ್ವಲ್ಪ ಜಗ್ಗುತ್ತದೆ. ಎಸಿ ರೂಮಿನಿಂದ ಹೊರಗಿನ ರಂಗಕ್ಕೆ ಬಂದ ಕೂಡಲೇ ನುಡಿಸಬೇಡಿ. ಹತ್ತು-ಹದಿನೈದು ನಿಮಿಷ ಆನ್ ಮಾಡಿ ಇಟ್ಟು ಆಮೇಲೆ ಶ್ರುತಿ ನೋಡಿ. ವೋಲ್ಕಾ ಕೀಸ್ ತನ್ನ ಶ್ರುತಿಯನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಡಿಜಿಟಲ್ ಆದ ಎಸ್-1ಕ್ಕೆ ಈ ತಲೆಬಿಸಿ ಇಲ್ಲ, ಮೈಕ್ರೊಫ್ರೀಕ್‌ನ ಆಸಿಲೇಟರಿಗೂ ಇಲ್ಲ.

ಮಳೆಗಾಲ ಬೇರೆಯೇ ಕಥೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಾಗ ನಮ್ಮದು. ಆಟಿಯಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ, ಸಿಂಥ್ ಜ್ಯಾಕಿಗೆ ಬಿಡುತ್ತದಾ? ಉಪ್ಪು ಗಾಳಿ ಇರುವ ಉಳ್ಳಾಲ, ಮಲ್ಪೆ, ಕಾಪು ಕಡೆಯ ಮನೆಗಳಲ್ಲಿ ಇನ್ನೂ ಬೇಗ. ಮುಚ್ಚಳ ಬಿಗಿ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಪೊಟ್ಟಣವನ್ನು ಆಗಾಗ ಒಣಗಿಸಿ ಅಥವಾ ಬದಲಿಸಿ. ಬರೀ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟರೆ ತೇವ ಒಳಗೇ ಉಳಿಯುತ್ತದೆ. ವಾರಕ್ಕೆ ಒಮ್ಮೆಯಾದರೂ ಅರ್ಧ ಗಂಟೆ ಆನ್ ಮಾಡಿ ಎಲ್ಲ ನಾಬ್ ತಿರುಗಿಸಿ. ನುಡಿಸದೆ ಇಡುವಾಗ ಸೆಲ್ ಹೊರಗೆ ತೆಗೆಯಲೇಬೇಕು. ಏಪ್ರಿಲ್-ಮೇಯಲ್ಲೂ ಅಕ್ಟೋಬರ್ ಸಂಜೆಗಳಲ್ಲೂ ಸಿಡಿಲು ಶುರುವಾದರೆ ಅಡಾಪ್ಟರನ್ನು ಪ್ಲಗ್‌ನಿಂದಲೇ ಕಳಚಿಡಿ, ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು.

ಕೊಳ್ಳುವಾಗ

ಮಂಗಳೂರು-ಉಡುಪಿಯ ವಾದ್ಯದ ಅಂಗಡಿಗಳಲ್ಲಿ ಕೀಬೋರ್ಡ್, ಗಿಟಾರ್ ಧಾರಾಳ ಸಿಗುತ್ತವೆ. ಇಂಥ ಸಿಂಥ್‌ಗಳನ್ನು ಹೆಚ್ಚಾಗಿ ಆರ್ಡರ್ ಕೊಟ್ಟು ತರಿಸಬೇಕು, ಅಥವಾ ಬೆಂಗಳೂರಿಗೆ ಹೋಗಿ ಕೈಯಲ್ಲಿ ಮುಟ್ಟಿ ನೋಡಬೇಕು. ರಾತ್ರಿ ಬಸ್ಸಿನಲ್ಲಿ ಹೋಗಿ ಬರುವ ಖರ್ಚು ಆದರೂ ಮುಟ್ಟಿ ನೋಡುವುದೇ ಒಳ್ಳೆಯದು. ಮೈಕ್ರೊಫ್ರೀಕ್‌ನ ಪ್ಲೇಟು ಕೆಲವರ ಕೈಗೆ ಒಗ್ಗುತ್ತದೆ, ಕೆಲವರಿಗೆ ಒಗ್ಗುವುದೇ ಇಲ್ಲ. ಅದನ್ನು ವಿಡಿಯೋ ನೋಡಿ ತಿಳಿಯಲು ಆಗುವುದಿಲ್ಲ. ಹೆಡ್‌ಫೋನ್ ನಿಮ್ಮದೇ ತೆಗೆದುಕೊಂಡು ಹೋಗಿ. ಅಂಗಡಿಯವರು ರೆಡಿ ಸದ್ದುಗಳನ್ನು ಒಂದೊಂದಾಗಿ ಕೇಳಿಸುತ್ತಾರೆ. ಅದು ಮುಗಿದ ಮೇಲೆ ಸಾದಾ ಸದ್ದು ಒಂದನ್ನು ಹಾಕಿಸಿ, ನಿಮಗೆ ಚೆನ್ನಾಗಿ ಬರುವ ಒಂದು ಹಾಡಿನ ಪಲ್ಲವಿ ನುಡಿಸಿ. ವಾರಂಟಿಗೆ ಯಂತ್ರವನ್ನು ಎಲ್ಲಿಗೆ ಕಳುಹಿಸಬೇಕು, ಸಾಗಾಟದ ಖರ್ಚು ಯಾರದ್ದು ಅನ್ನುವುದನ್ನು ಬಿಲ್ಲಿನ ಮೊದಲೇ ಕೇಳಿ.

ಸೆಕೆಂಡ್ ಹ್ಯಾಂಡ್ ಆದರೆ ಮೊದಲು ಸೆಲ್ ಹಾಕುವ ಮುಚ್ಚಳ ತೆರೆಯಿರಿ. ಸ್ಪ್ರಿಂಗಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಸೆಲ್ ಸೋರಿದೆ ಅಂತ ಅರ್ಥ. ಒಳಗಿನ ಬೋರ್ಡಿಗೂ ಇಳಿದಿರಬಹುದು, ಬಿಟ್ಟುಬಿಡಿ. ಆಮೇಲೆ ಒಂದು ಸ್ವರ ಹಿಡಿದುಕೊಂಡು ಪ್ರತಿ ನಾಬನ್ನೂ ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸಿ. ಚರಚರ ಅಂದರೆ ಒಳಗೆ ಧೂಳು, ತೇವ ಸೇರಿದೆ. ಒಂದೆರಡು ನಾಬ್ ಆದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸರಿಹೋಗುತ್ತದೆ. ಬಾಗಿಲಿನ ತಿರುಗಣೆಗೆ ಹೊಡೆಯುವ ಸ್ಪ್ರೇ ಬಳಸಬಾರದು. ಎಲ್ಲ ನಾಬೂ ಚರಚರ ಅಂದರೆ ಯಂತ್ರ ಸಮುದ್ರದ ಗಾಳಿಯಲ್ಲಿ ತೆರೆದೇ ಇತ್ತು. ಜ್ಯಾಕಿಗೆ ಪಿನ್ ಹಾಕಿ ಮೆಲ್ಲ ಅಲ್ಲಾಡಿಸಿ, ಸದ್ದು ಬಂದು-ಹೋಗಿ ಮಾಡಬಾರದು. ಮೊನೊಲಾಗ್ ಆದರೆ 25 ಕೀಯನ್ನೂ ಒಂದೊಂದಾಗಿ ಮೆಲ್ಲನೆಯೂ ಜೋರಾಗಿಯೂ ಒತ್ತಿ. ಎಸ್-1 ಆದರೆ ಚಾರ್ಜರ್ ಕಳಚಿ, ಮಾತಾಡುತ್ತಾ ಅರ್ಧ ಗಂಟೆ ಬ್ಯಾಟರಿಯಲ್ಲೇ ಓಡಲು ಬಿಡಿ. ಮಾರುವವರು ಇಷ್ಟಕ್ಕೆ ಅವಸರ ಮಾಡಿದರೆ ಆ ವ್ಯಾಪಾರ ಬೇಡ. ಎಲ್ಲ ಸರಿ ಇದ್ದು, ಅಡಾಪ್ಟರ್ ಮತ್ತು ಮೂಲ ಪೆಟ್ಟಿಗೆಯೂ ಜೊತೆಗೆ ಬಂದರೆ ಹೊಸದರ ಬೆಲೆಯ ಮೂರರಲ್ಲಿ ಎರಡು ಪಾಲಿನವರೆಗೆ ಕೊಡಬಹುದು, ಅದಕ್ಕಿಂತ ಮೇಲೆ ಹೋಗಬೇಡಿ.